ಒಂದು ಬಿದ್ದಾಗ ನಗುವವರು ಯಾರು?



ಧರ್ಮಗುರುವೊಬ್ಬ ದಾಳದಾಟದ ಬಗ್ಗೆ ಬರೆಯಲು ಹೊರಟಿದ್ದಾನೆಂದರೆ ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಅದಕ್ಕೆ ಆಧಾರವೂ ಇದೆ. 1215ರಲ್ಲಿ ಸೇರಿದ್ದ ನಾಲ್ಕನೆಯ ಲ್ಯಾಟೆರನ್ ಮಹಾಸಭೆಯು, ಯಾಜಕರು ದಾಳವಾಡಕೂಡದು, ಅಂಥ ಆಟ ನಡೆಯುವಲ್ಲಿ ಉಪಸ್ಥಿತರಿರಲೂ ಕೂಡದು ಎಂದು ವಿಧಿಸಿತ್ತು. ಆ ವಿಧಿಯ ಕಣ್ಣಿದ್ದದ್ದು ಜೂಜಿನ ಮೇಲೆ. ನಾನು ಉಪಸ್ಥಿತನಿದ್ದ ಆಟದಲ್ಲಿ ಹಣವಿರಲಿಲ್ಲ, ಪಣಕ್ಕಿದ್ದುದು ಬೇರೊಂದು. ಅದು ಏನೆಂಬುದು ನನಗೆ ಹೊಳೆಯಲು ಒಂದು ಇಡೀ ಸಂಜೆ ಬೇಕಾಯಿತು. ಆ ಸಂಜೆಯ ವಿಚಾರವನ್ನು ನಿಮ್ಮೊಡನೆ ಹಂಚಿಕೊಳ್ಳಲು ಬಯಸುತ್ತೇನೆ. ಏಕೆಂದರೆ ಅದು ಆಟದ ಮೇಜಿಗೆ ಎಷ್ಟು ಸಂಬಂಧಿಸಿದೆಯೋ ನಮ್ಮ ಊಟದ ಮೇಜಿಗೂ ಅಷ್ಟೇ ಸಂಬಂಧಿಸಿದೆ.

ಕೆಸರಿಗೆ ಬಿದ್ದ ವೀರ

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಶಿಕಾಗೊ ನಗರದ ಹೊರವಲಯದಲ್ಲಿ ಅವರ ವಾಸ. ಶನಿವಾರ ಸಂಜೆ ಅವರ ಊಟದ ಮೇಜಿನ ಸುತ್ತ ಐವರು ಮಕ್ಕಳು ಸೇರಿದರು: ತಂಗಿಯ ಹದಿನೇಳು ವರ್ಷದ ಮಗಳು, ಹನ್ನೆರಡರ ಮಗ, ನೆರೆಮನೆಗಳ ಮೂವರು. ಮೇಜಿನ ಮೇಲೆ ಕಾಗದ, ಪೆನ್ಸಿಲು, ಒಂದು ಹಿಡಿ ಬಣ್ಣದ ದಾಳಗಳು. ನಮ್ಮ ಪಗಡೆಯಂತೆ ಹಾಸೂ ಇರಲಿಲ್ಲ, ಕಾಯಿಗಳೂ ಇರಲಿಲ್ಲ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನಾನು ಕುಳಿತಿದ್ದ ಮನೆಯಿಂದ ಬಹಳ ದೂರವಲ್ಲದ, ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ 1974ರಲ್ಲಿ ಅದು ಹೊರಬಂದಿತು. ರಚಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೊದಲ ಮುದ್ರಣದಲ್ಲಿ 1000 ಪ್ರತಿಗಳು. ಗೈಗ್ಯಾಕ್ಸ್ ಅದಕ್ಕೆ ಮುನ್ನ ವಿಮಾ ವ್ಯವಹಾರದಲ್ಲಿ ಅಪಾಯಗಳನ್ನು ಅಳೆಯುವ ಕೆಲಸದಲ್ಲಿದ್ದವರು. ಮನುಷ್ಯನ ಬದುಕಿನಲ್ಲಿ ಆಕಸ್ಮಿಕಕ್ಕೆ ಎಷ್ಟು ಪಾಲಿದೆಯೆಂಬುದನ್ನು ಅವರು ಬಲ್ಲವರಾಗಿದ್ದರು ಎನ್ನೋಣ.

ಆಟದ ಬಗೆ ಹೀಗೆ. ಒಬ್ಬರು ಕಥೆಯ ನಿರ್ವಾಹಕರು. ಉಳಿದವರು ಆ ಕಥೆಯೊಳಗಿನ ಒಂದೊಂದು ಪಾತ್ರ. ನಿರ್ವಾಹಕರು ಸನ್ನಿವೇಶವನ್ನು ಬಣ್ಣಿಸುತ್ತಾರೆ. ತನ್ನ ಪಾತ್ರ ಅಲ್ಲಿ ಏನು ಮಾಡುತ್ತದೆಂಬುದನ್ನು ಪ್ರತಿಯೊಬ್ಬರೂ ಬಾಯಿಮಾತಿನಲ್ಲಿ ಹೇಳುತ್ತಾರೆ. ತೆರೆದ ಬಾಗಿಲನ್ನು ದಾಟಲು ದಾಳ ಬೇಡ. ಬೀಗ ಹಾಕಿದ ಬಾಗಿಲನ್ನು ಭುಜಕೊಟ್ಟು ಮುರಿಯಲು ಬೇಕು. ಆಗ ಇಪ್ಪತ್ತು ಮುಖಗಳ ದಾಳವನ್ನು ಉರುಳಿಸಿ, ಬಿದ್ದ ಸಂಖ್ಯೆಗೆ ಆ ಪಾತ್ರದ ಕೌಶಲದ ಅಂಕವನ್ನು ಕೂಡಿಸುತ್ತಾರೆ. ಮೊತ್ತವು ಕೆಲಸದ ಕಠಿಣತೆಗೆ ಗೊತ್ತುಮಾಡಿದ ಅಂಕವನ್ನು ಮುಟ್ಟಿದರೆ ಗೆಲುವು, ಇಲ್ಲವಾದರೆ ಸೋಲು. ಇಪ್ಪತ್ತು ಬಿದ್ದರೆ ಮೇಜಿನ ಸುತ್ತ ಹರ್ಷೋದ್ಗಾರ. ಒಂದು ಬಿದ್ದರೆ ನಗು.

ನನ್ನ ಸೋದರಳಿಯ ಒಬ್ಬ ವೀರಯೋಧನನ್ನು ಕಲ್ಪಿಸಿಕೊಂಡಿದ್ದ. ಅವನ ವಂಶ, ಅವನು ತೊಟ್ಟ ಪ್ರತಿಜ್ಞೆ, ಅವನ ಕತ್ತಿಯ ಹೆಸರು ಎಲ್ಲವನ್ನೂ ಎರಡು ವಾರ ಕುಳಿತು ಬರೆದಿದ್ದ. ಕಥೆಯ ಆರಂಭದಲ್ಲೇ ಆ ವೀರ ಒಂದು ಹಳ್ಳವನ್ನು ಜಿಗಿಯಬೇಕಾಯಿತು. ದಾಳ ಉರುಳಿತು: ಒಂದು. ನೆರೆಮನೆಯ ಹುಡುಗ ನಿರ್ವಾಹಕನಾಗಿದ್ದ. “ನಿನ್ನ ಕತ್ತಿಯ ಒರೆ ನಿನ್ನ ಕಾಲಿಗೇ ಸಿಕ್ಕಿಕೊಂಡಿತು, ಮುಖ ಅಡಿಯಾಗಿ ಕೆಸರಿಗೆ ಬಿದ್ದೆ” ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಅಳಿಯನೇ. ಸ್ವಲ್ಪ ಹೊತ್ತಿನ ಬಳಿಕ ಅದೇ ವೀರ ಅರಸನೊಬ್ಬನ ಮುಂದೆ ನಿಂತು ನೆರವು ಕೇಳಬೇಕಿತ್ತು. ಮತ್ತೆ ಒಂದು. “ಬಾಯಿ ತೆರೆದೆ, ಸೀನು ಬಂತು, ಅರಸನ ಗಡ್ಡಕ್ಕೇ ಸೀನಿದೆ.” ಮತ್ತೆ ನಗು. ಮೂರನೆಯ ಸಲ ಬಿದ್ದದ್ದು ಒಂದೂ ಅಲ್ಲ, ಬರಿಯ ಐದು, ಸಾಮಾನ್ಯ ಸೋಲು. ಆದರೆ ಆಗ ನಿರ್ವಾಹಕ ಏನೂ ಹೇಳಬೇಕಾಗಿರಲಿಲ್ಲ. ಮೇಜಿನ ಸುತ್ತಲಿದ್ದವರೇ “ಕೆಸರಿನ ದೊರೆ ಮತ್ತೆ ಬಿದ್ದ” ಎಂದು ಕೂಗಿದರು. ನಾನೂ ನಕ್ಕೆ. ಹುಡುಗನೂ ಮುಗುಳ್ನಕ್ಕ. ಆದರೆ ತನ್ನ ಮುಂದಿನ ಸರದಿ ಬಂದಾಗ ಅವನು ಹೇಳಿದ ಮಾತು ಇದು: “ನಾನು ಏನೂ ಮಾಡುವುದಿಲ್ಲ. ಕಾಯುತ್ತೇನೆ.” ಅದರ ಮುಂದಿನ ಸರದಿಯಲ್ಲೂ ಅದೇ ಮಾತು. ಎರಡು ವಾರ ಕನಸು ಕಂಡು ಕಟ್ಟಿದ ವೀರ, ಕಥೆ ಆರಂಭವಾದ ಒಂದು ಗಂಟೆಯೊಳಗೆ ಮೂಲೆ ಸೇರಿದ್ದ.

ಚಹಾದ ಬಳಿಕ ನಿರ್ವಾಹಕರ ಸ್ಥಾನಕ್ಕೆ ನನ್ನ ಸೋದರ ಸೊಸೆ ಬಂದಳು. ಅವಳು ತಮ್ಮನ ಮೇಲೆ ಕರುಣೆ ತೋರಿ ಆಟವನ್ನು ಸುಲಭಗೊಳಿಸಲಿಲ್ಲ. ಕೋಟೆಯ ಗೋಡೆಯ ಮೇಲಿಂದ ಹಗ್ಗ ಹಿಡಿದು ಇಳಿಯುವ ಸಂದರ್ಭ. ಹುಡುಗ ಹಿಂಜರಿಯುತ್ತ ದಾಳ ಉರುಳಿಸಿದ: ಮೂರು. ಸೋಲೇ ಸರಿ. ಅವಳು ಒಂದು ಕ್ಷಣ ಯೋಚಿಸಿ ಹೇಳಿದಳು: “ನೀನು ಹಗ್ಗವನ್ನು ಸರಿಯಾಗಿಯೇ ಹಿಡಿದೆ, ಗಂಟನ್ನೂ ಸರಿಯಾಗಿಯೇ ಹಾಕಿದೆ. ಆದರೆ ಹಗ್ಗ ಕಟ್ಟಿದ ತೊಲೆ ನೂರು ವರ್ಷ ಹಳೆಯದು, ಒಳಗೆಲ್ಲ ಗೆದ್ದಲು. ತೊಲೆಯ ಸಮೇತ ನೀನು ಅರಮನೆಯ ಅಡುಗೆಕೋಣೆಯ ಸೂರನ್ನು ಸೀಳಿಕೊಂಡು ಸಾರಿನ ದೊಡ್ಡ ಕಡಾಯಿಯೊಳಗೆ ಕುಳಿತಿದ್ದೀಯೆ. ಅಡುಗೆಯವನು ಸೌಟು ಹಿಡಿದು ನಿನ್ನನ್ನೇ ನೋಡುತ್ತಿದ್ದಾನೆ. ಅವನಿಗೆ ಏನು ಹೇಳುತ್ತೀಯೆ?” ಹುಡುಗ ತಲೆಯೆತ್ತಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗಂಭೀರವಾಗಿ ಹೇಳಿದ: “ಉಪ್ಪು ಸಾಲದು ಎನ್ನುತ್ತೇನೆ.”

ಆ ಮನೆಯಲ್ಲಿ ಆ ಸಂಜೆ ಎದ್ದ ಅತಿ ದೊಡ್ಡ ನಗು ಅದು. ಹುಡುಗ ಸೋತಿದ್ದ, ಸಂಗಡಿಗರು ಗೋಡೆಯಾಚೆ ಹೋಗಿದ್ದರು, ಕಾವಲುಗಾರರು ಅಡುಗೆಕೋಣೆಯತ್ತ ಓಡಿಬರುತ್ತಿದ್ದರು. ಆದರೂ ಆ ನಗು ಅವನದಾಗಿತ್ತು. ಆಮೇಲೆ ಅವನು ಒಮ್ಮೆಯೂ “ಕಾಯುತ್ತೇನೆ” ಎನ್ನಲಿಲ್ಲ.

ದಾಳ ಹೇಳುವುದು, ನಾವು ಹೇಳುವುದು

ಈ ಎರಡು ನಗೆಗಳ ನಡುವಿನ ಅಂತರವೇನು? ಎರಡೂ ಕಡೆ ಬಿದ್ದದ್ದು ಕಡಿಮೆ ಸಂಖ್ಯೆ, ಎರಡೂ ಕಡೆ ಸೋಲು, ಎರಡೂ ಕಡೆ ಹಾಸ್ಯ. ದಾಳ ಹೇಳಿದ್ದು ಒಂದೇ ಮಾತು: ಕೆಲಸ ಆಗಲಿಲ್ಲ. ಏಕೆ ಆಗಲಿಲ್ಲ, ಯಾರಿಂದ ಆಗಲಿಲ್ಲ, ಅದರಲ್ಲಿ ನಗುವಂಥದ್ದು ಯಾವುದು ಎಂಬುದನ್ನು ದಾಳ ಹೇಳಲಿಲ್ಲ. ಅದನ್ನು ಹೇಳಿದ್ದು ಮನುಷ್ಯರು. ಸೋಲು ಆಕಸ್ಮಿಕದ್ದು, ಸೋಲಿನ ಕಥೆ ನಮ್ಮದು. ಆಕಸ್ಮಿಕಕ್ಕೆ ನಾವು ಹೊಣೆಗಾರರಲ್ಲ. ಕಥೆಗೆ ಹೊಣೆಗಾರರು.

ನಮ್ಮ ಮನೆಗಳ ಚೌಕಾಬಾರವನ್ನು ನೆನಪಿಸಿಕೊಳ್ಳಿ. ನಾಲ್ಕು ಕವಡೆಗಳಲ್ಲಿ ಒಂದು ಮೇಲ್ಮುಖವಾದರೆ ಒಂದು, ಎರಡಾದರೆ ಎರಡು. ನಾಲ್ಕೂ ಕವುಚಿ ಬಿದ್ದರೆ? ಲೆಕ್ಕದ ಪ್ರಕಾರ ಸೊನ್ನೆಯಾಗಬೇಕಿತ್ತು. ಆದರೆ ನಮ್ಮ ಹಿರಿಯರು ಅದಕ್ಕೆ ಎಂಟು ಕೊಟ್ಟರು, ಆಟದ ಅತಿ ದೊಡ್ಡ ಎಣಿಕೆ. ಕವಡೆಯನ್ನು ಕವುಚಿದ್ದು ಕೈಯ ಕುಲುಕಾಟ. ಅದಕ್ಕೆ ಬೆಲೆ ಕಟ್ಟಿದ್ದು ಮನುಷ್ಯರ ಒಪ್ಪಂದ.

ಇದಕ್ಕಿಂತ ಸೋಜಿಗದ ಉದಾಹರಣೆಯೊಂದು ಧರ್ಮಸಭೆಯ ಇತಿಹಾಸದಲ್ಲೇ ಇದೆ. ಹತ್ತನೆಯ ಶತಮಾನದಲ್ಲಿ, 965ರ ಸುಮಾರಿಗೆ ಕಾಂಬ್ರೇ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ವಿಬೋಲ್ಡ್ ಎಂಬವರು ಯಾಜಕರಿಗಾಗಿ ಒಂದು ದಾಳದಾಟವನ್ನು ರಚಿಸಿದರು. ಮೂರು ದಾಳಗಳನ್ನು ಉರುಳಿಸಿದರೆ, ಕ್ರಮವನ್ನು ಗಣಿಸದಿದ್ದಲ್ಲಿ, 56 ಬಗೆಯ ಫಲಗಳು ಸಾಧ್ಯ. ಅವರು ಒಂದೊಂದಕ್ಕೂ ಒಂದೊಂದು ಸದ್ಗುಣದ ಹೆಸರಿಟ್ಟರು. ಮೂರರಲ್ಲೂ ಆರು ಬಿದ್ದರೆ ದೀನತೆ. ಮೂರರಲ್ಲೂ ಒಂದೊಂದೇ ಬಿದ್ದರೆ, ಅಂದರೆ ಎಣಿಕೆಯಲ್ಲಿ ಅತಿ ಕಡಿಮೆಯಾದದ್ದು ಬಿದ್ದರೆ, ಪ್ರೀತಿ. ಜೂಜುಗಾರ ಶಪಿಸುತ್ತಿದ್ದ ಎಸೆತವನ್ನು ಅವರು ಸದ್ಗುಣಗಳ ಪಟ್ಟಿಯ ತಲೆಯಲ್ಲಿ ಇಟ್ಟರು. ದಾಳ ಅದೇ, ಚುಕ್ಕೆಗಳೂ ಅವೇ. ಅರ್ಥ ಕೊಟ್ಟವರು ಬೇರೆ.

ಹೆಚ್ಚು ದುಡಿದವರಿಗೆ ಹೆಚ್ಚು ನಗೆಪಾಟಲು

ಒಂದು ಬಿದ್ದರೆ ಪಾತ್ರ ಎಡವಬೇಕು, ಕತ್ತಿ ಕೈಜಾರಬೇಕು, ಗೆಳೆಯನಿಗೇ ಏಟು ತಗುಲಬೇಕು ಎಂಬ ಪದ್ಧತಿ ಈ ಆಟಗಳಲ್ಲಿ ಹಳೆಯದು. 1978ರಲ್ಲಿ ಬಂದ ‘ರೂನ್‌ಕ್ವೆಸ್ಟ್’ ಎಂಬ ಆಟದಲ್ಲಿ ಇಂಥ ಎಡವಟ್ಟುಗಳ ಪಟ್ಟಿಯೇ ಇತ್ತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 2014ರ ಆವೃತ್ತಿಯ ಮೂಲ ನಿಯಮ ಹೇಳುವುದಾದರೂ ಇಷ್ಟೇ: ಹೊಡೆತದ ದಾಳದಲ್ಲಿ ಒಂದು ಬಿದ್ದರೆ ಏಟು ತಪ್ಪುತ್ತದೆ. ಎಡವುವುದು, ಸೀನುವುದು, ಕೆಸರಿಗೆ ಬೀಳುವುದು ಯಾವುದೂ ಪುಸ್ತಕದಲ್ಲಿಲ್ಲ. ಅದು ಮೇಜಿನ ಸುತ್ತ ಕುಳಿತವರ ಸೇರ್ಪಡೆ. ಇದನ್ನು ತಿಳಿದಾಗ ನನಗೆ ಅಚ್ಚರಿಯಾಯಿತು. ನಿಯಮ ಕೇಳದ ಅವಮಾನವನ್ನು ನಾವೇ ಕೈಯಾರೆ ಬಡಿಸುತ್ತೇವೆ.

ಈ ಸೇರ್ಪಡೆಯೊಳಗೆ ಒಂದು ಅನ್ಯಾಯವೂ ಅಡಗಿದೆ. ಸೊಸೆ ಅದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಳು. ಇಪ್ಪತ್ತು ಮುಖದ ದಾಳದಲ್ಲಿ ಒಂದು ಬೀಳುವ ಸಂಭವ ನೂರಕ್ಕೆ ಐದು. ಹೊಸಬನಾದ ಯೋಧ ಒಂದು ಸರದಿಯಲ್ಲಿ ಒಮ್ಮೆ ಮಾತ್ರ ಕತ್ತಿ ಬೀಸಬಲ್ಲ. ಪರಿಣತಿಯ ತುದಿ ಮುಟ್ಟಿದ ಯೋಧ ನಾಲ್ಕು ಸಲ ಬೀಸಬಲ್ಲ. ಹತ್ತು ಸರದಿಗಳ ಕಾಳಗದಲ್ಲಿ ಹೊಸಬ ಒಮ್ಮೆಯಾದರೂ ಎಡವುವ ಸಂಭವ ನೂರಕ್ಕೆ ಸುಮಾರು 40. ಮಹಾಯೋಧ ಎಡವುವ ಸಂಭವ ನೂರಕ್ಕೆ ಸುಮಾರು 87. ಅಂದರೆ ಪ್ರತಿ ಒಂದಕ್ಕೂ ಎಡವಟ್ಟು ಎಂಬ ಪದ್ಧತಿಯಲ್ಲಿ, ಹೆಚ್ಚು ಬಲ್ಲವನು ಹೆಚ್ಚು ನಗೆಪಾಟಲಿಗೆ ಈಡಾಗುತ್ತಾನೆ. ಅವನ ತಪ್ಪು ಒಂದೇ: ಅವನು ಹೆಚ್ಚು ಕೆಲಸ ಮಾಡಿದ.

ಓದುಗರೇ, ಈ ಲೆಕ್ಕ ನಿಮ್ಮ ಮನೆಯಲ್ಲೂ ನಡೆಯುತ್ತಿರಬಹುದು. ವರ್ಷದಲ್ಲಿ ಸಾವಿರ ಸಲ ಒಲೆಯ ಮುಂದೆ ನಿಲ್ಲುವ ತಾಯಿಯ ಕೈಯಲ್ಲಿ ಎಂದಾದರೊಂದು ದಿನ ಸಾರು ಸೀದುಹೋಗುತ್ತದೆ. ಒಂದು ದಿನವೂ ಒಲೆ ಹೊತ್ತಿಸದವನ ಕೈಯಲ್ಲಿ ಏನೂ ಸೀಯುವುದಿಲ್ಲ. ಆದರೆ ನೆಂಟರ ಮುಂದೆ ಹೇಳಿ ನಗುವ ಕಥೆ ಯಾರದು? ಪಾತ್ರೆ ತೊಳೆಯುವವರ ಕೈಯಿಂದಲೇ ಬಟ್ಟಲು ಜಾರುವುದು. ಹತ್ತು ಸಲ ಕೈಯೆತ್ತಿ ಉತ್ತರ ಹೇಳುವ ಮಗುವೇ ತರಗತಿಯಲ್ಲಿ ಒಂದು ಸಲ ತಪ್ಪು ಹೇಳುವುದು. ನಡೆಯುವ ಕಾಲಿಗೆ ಕಲ್ಲು ತಗುಲುತ್ತದೆ, ಮಡಿಚಿಟ್ಟ ಕಾಲಿಗೆ ತಗುಲುವುದಿಲ್ಲ. ಎಡವಿದ ಪ್ರತಿ ಸಲವೂ ನಾವು ನಕ್ಕರೆ, ಕಾಲು ಮಡಿಚಿಕೊಂಡು ಕುಳಿತುಕೊಳ್ಳುವುದೇ ಜಾಣತನವೆಂದು ಮಕ್ಕಳಿಗೆ ಕಲಿಸಿದಂತಾಗುತ್ತದೆ. “ನಾನು ಏನೂ ಮಾಡುವುದಿಲ್ಲ. ಕಾಯುತ್ತೇನೆ” ಎಂಬ ಮಾತು ಹುಟ್ಟುವುದು ಅಲ್ಲಿಂದ.

ಈ ಆಟದ ಬಗ್ಗೆ 1980ರ ದಶಕದಲ್ಲಿ ಅಮೆರಿಕದ ಕೆಲವು ಕ್ರೈಸ್ತ ವಲಯಗಳಲ್ಲಿ ದೊಡ್ಡ ಭೀತಿ ಹರಡಿತ್ತು. ಮಾಟಮಂತ್ರ, ಪಿಶಾಚಾರಾಧನೆ, ಆತ್ಮಹತ್ಯೆ ಎಂದೆಲ್ಲ ಅದಕ್ಕೆ ಗಂಟು ಹಾಕಿದ್ದರು. ಆ ಆರೋಪ ರುಜುವಾತಾಗಲಿಲ್ಲ. ಆ ಸಂಜೆ ನಾನು ಕಂಡಂತೆ, ಕಾಗದದ ಮೇಲಿದ್ದ ರಾಕ್ಷಸರು ಯಾರಿಗೂ ಕೇಡು ಮಾಡಲಿಲ್ಲ. ಹುಡುಗನನ್ನು ನೋಯಿಸಿದ್ದು ಒಳ್ಳೆಯ ಮನೆತನಗಳ ಒಳ್ಳೆಯ ಮಕ್ಕಳ ನಗು, ಮತ್ತು ಅವರೊಡನೆ ಕುಳಿತು ನಕ್ಕ ಒಬ್ಬ ಧರ್ಮಗುರುವಿನ ನಗು.

ಒಂದು ಕಿರೀಟದ ಕಥೆ

“ಕಾಯುತ್ತೇನೆ” ಎಂಬ ಆ ಮಾತು ಆ ರಾತ್ರಿ ನನ್ನನ್ನು ನಿದ್ರಿಸಗೊಡಲಿಲ್ಲ. ಅದಕ್ಕೆ ಕಾರಣವಿತ್ತು.

ಗುರುದೀಕ್ಷೆಯಾದ ಹೊಸತರಲ್ಲಿ ನಾನು ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ನಾಟಕ ಮಾಡಿಸಿದೆ. ರಾಜನ ಪಾತ್ರಕ್ಕೆ ಆರಿಸಿದ್ದು ಹದಿಮೂರು ವರ್ಷದ ಒಬ್ಬ ಸಂಕೋಚದ ಹುಡುಗನನ್ನು. ಅವನಿಗೆ ಕಂಠವೂ ಇತ್ತು, ನೆನಪೂ ಇತ್ತು. ತಿಂಗಳಿಡೀ ಅಭ್ಯಾಸ ಮಾಡಿದ. ರಟ್ಟಿನ ಕಿರೀಟವನ್ನು ಅವನ ತಲೆಗೆ ಅಳತೆ ನೋಡಿ ಮಾಡಿಸಬೇಕಾಗಿದ್ದವನು ನಾನು, ಮಾಡಿಸಲಿಲ್ಲ. ಅವನು ಸಿಂಹಾಸನದಿಂದ ಎದ್ದು ಮೊದಲ ಮಾತು ಆಡಲು ಬಾಯಿ ತೆರೆದಾಗ ಕಿರೀಟ ಜಾರಿ ಮೂಗಿಗೆ ಬಂದು ನಿಂತಿತು. ಆಮೇಲೆ ಉರುಳಿ ಸಭಿಕರ ನಡುವೆ ಬಿತ್ತು. ಜನ ನಕ್ಕರು. ಅಷ್ಟಕ್ಕೇ ಮುಗಿಯಬಹುದಿತ್ತು. ಹುಡುಗ ಕಂಗೆಡದೆ ಮಾತು ಮುಂದುವರಿಸಲು ಸಿದ್ಧನಾಗಿದ್ದ. ಆದರೆ ಧ್ವನಿವರ್ಧಕ ನನ್ನ ಕೈಯಲ್ಲಿತ್ತು. ನಾನು ಹೇಳಿದೆ: “ಸಭಿಕರೇ, ಮಾತಿಗೆ ಮೊದಲೇ ರಾಜ್ಯ ಕಳೆದುಕೊಂಡ ರಾಜ!” ಚಪ್ಪಾಳೆ ನನಗೆ ಬಂತು. ಹುಡುಗ ಆ ಮೇಲೆ ಒಂದು ಮಾತನ್ನೂ ಆಡಲಾರದೆ ನಿಂತ. ಪರದೆ ಇಳಿಸಬೇಕಾಯಿತು.

ಮರುದಿನದಿಂದ ಊರು ಅವನನ್ನು ‘ಕಿರೀಟ’ ಎಂದು ಕರೆಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕಿಗೆ ತಾನು ಬೆಕ್ಕೆಂಬುದು ತಿಳಿದೇ ಇರುವುದಿಲ್ಲ. ನನಗೂ ತಿಳಿಯಲಿಲ್ಲ. ಬೇರೆ ಊರಿಗೆ ವರ್ಗವಾಗಿ ಹೋದೆ.

ಅಮೆರಿಕದಿಂದ ಮರಳಿದ ಮೇಲೆ ಒಂದು ಮದುವೆಯಲ್ಲಿ ಅವನು ಸಿಕ್ಕಿದ. ಈಗ ಅವನು ಹೆಂಡತಿ, ಮಗಳಿರುವ ಗೃಹಸ್ಥ. ಯಾರೋ ದೂರದಿಂದ “ಕಿರೀಟಣ್ಣ” ಎಂದು ಕೂಗಿದರು, ಅವನು ಓಗೊಟ್ಟ. ಹೆಂಡತಿಗೆ ನನ್ನನ್ನು ಪರಿಚಯಿಸುತ್ತ, “ನನಗೆ ಹೆಸರಿಟ್ಟ ಫಾದರ್ ಇವರೇ” ಎಂದು ನಕ್ಕ. ಆ ನಗುವಿನ ಒಳಗೆ ಏನಿತ್ತೆಂದು ಓದಲು ನನ್ನಿಂದಾಗಲಿಲ್ಲ. ನಾನು ಅವನನ್ನು ಪಕ್ಕಕ್ಕೆ ಕರೆದು ಕ್ಷಮೆ ಕೇಳಿದೆ. “ಬಿಡಿ ಫಾದರ್, ಹಳೆಯ ಮಾತು. ಕಿರೀಟ ಯಾರ ತಲೆಯಿಂದಲೂ ಬೀಳುತ್ತದೆ” ಎಂದ. ಸ್ವಲ್ಪ ತಡೆದು, “ಮಗಳು ಶಾಲೆಯ ನಾಟಕಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಬೇಡ ಎಂದಿದ್ದೇನೆ” ಎಂದ.

ಒಂದು ಕ್ಷಣದ ನನ್ನ ಚಟಾಕಿ ಒಂದು ತಲೆಮಾರನ್ನು ದಾಟಿ ಇನ್ನೊಂದು ಮಗುವಿನ ದಾರಿಗೆ ಅಡ್ಡ ನಿಂತಿತ್ತು.

ಹಾಗಾದರೆ ನಗಬಾರದೇ?

ನಗದ ಮನೆ ಮನೆಯಲ್ಲ. ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಆಟ ಮತ್ತು ವಿನೋದಕ್ಕಾಗಿಯೇ ಕೆಲವು ಪುಟಗಳನ್ನು ಮೀಸಲಿಟ್ಟಿದ್ದಾರೆ. ಸದಾ ಬಾಗಿಸಿಟ್ಟ ಬಿಲ್ಲು ಮುರಿದುಹೋಗುವಂತೆ, ಸದಾ ಬಿಗಿಯಾಗಿರುವ ಮನಸ್ಸೂ ಮುರಿಯುತ್ತದೆಂಬ ಹಳೆಯ ದೃಷ್ಟಾಂತವನ್ನು ಅವರು ಸಂತ ಯೊವಾನ್ನರ ಹೆಸರಿನಲ್ಲಿ ಅಲ್ಲಿ ನೆನೆಯುತ್ತಾರೆ. ವಿನೋದದಲ್ಲಿ ಮಿತಿಮೀರುವುದು ಹೇಗೆ ದೋಷವೋ, ತಾನೂ ನಗದೆ ಇತರರ ನಗುವಿಗೂ ಕಲ್ಲು ಹಾಕುವುದು ಹಾಗೆಯೇ ದೋಷ ಎಂಬುದು ಅವರ ನಿಲುವು. ಇದರ ಬೇರು ಅರಿಸ್ಟಾಟಲನಲ್ಲಿದೆ. ವಿದೂಷಕತನ ಮತ್ತು ಒರಟುತನಗಳ ನಡುವೆ ಒಂದು ಹದವಾದ ಲವಲವಿಕೆಯಿದೆ, ಅದು ಸದ್ಗುಣ ಎಂದು ಅವನು ಬಗೆದಿದ್ದ. ನಗೆ ಹುಟ್ಟಿಸುವ ತಪ್ಪು ಯಾರನ್ನೂ ನೋಯಿಸದ, ನಾಶಮಾಡದ ತಪ್ಪಾಗಿರಬೇಕು ಎಂಬುದೂ ಅವನ ವಿಚಾರವೇ.

ಇದಕ್ಕೆ ವಿರುದ್ಧವಾಗಿ, 1651ರಲ್ಲಿ ‘ಲೆವಯತನ್’ ಗ್ರಂಥವನ್ನು ಪ್ರಕಟಿಸಿದ ಇಂಗ್ಲೆಂಡಿನ ಥಾಮಸ್ ಹಾಬ್ಸ್, ಇನ್ನೊಬ್ಬನ ಕೊರತೆಯನ್ನು ಕಂಡು ತಾನು ಮೇಲೆಂದು ಥಟ್ಟನೆ ಉಬ್ಬುವುದೇ ನಗು ಎಂದು ವಿವರಿಸಿದ. ನನ್ನ ಧ್ವನಿವರ್ಧಕದ ನಗು ಹಾಬ್ಸ್ ಹೇಳಿದ ನಗು. ಕಡಾಯಿಯೊಳಗೆ ಕುಳಿತು “ಉಪ್ಪು ಸಾಲದು” ಎಂದ ಹುಡುಗನೊಡನೆ ನಾವು ನಕ್ಕದ್ದು ಅಕ್ವಿನಾಸರ ನಗು. ಮೊದಲನೆಯದರಲ್ಲಿ ಬಿದ್ದವನು ಕೆಳಗೆ, ನಾವು ಮೇಲೆ. ಎರಡನೆಯದರಲ್ಲಿ ಬಿದ್ದವನೇ ನಮ್ಮನ್ನು ನಗಿಸುವ ಯಜಮಾನ.

“ಸೋತದ್ದಕ್ಕೆ ತೊಲೆಯನ್ನು ದೂರುವುದು ನೆಪ ಹುಡುಕಿದಂತಲ್ಲವೇ? ಮಕ್ಕಳಿಗೆ ಜವಾಬ್ದಾರಿ ಬೇಡವೇ?” ಎಂದು ನೀವು ಕೇಳಬಹುದು. ನಾನೂ ಸೊಸೆಯನ್ನು ಇದನ್ನೇ ಕೇಳಿದೆ. ಅವಳ ಉತ್ತರದಲ್ಲಿ ತರ್ಕವಿತ್ತು. ಪಾತ್ರದ ಕೌಶಲ ಎಷ್ಟೆಂಬುದು ಕಾಗದದ ಮೇಲೆ ಮೊದಲೇ ಬರೆದಿದೆ, ಅದನ್ನು ಕೂಡಿಸಿಯೂ ಆಗಿದೆ. ದಾಳ ತೋರಿಸುವುದು ಕೌಶಲದ ಹೊರಗಿರುವುದನ್ನು: ಗಾಳಿ, ಪಾಚಿ, ಗೆದ್ದಲು, ಆ ಗಳಿಗೆ. ಆದ್ದರಿಂದ ‘ತೊಲೆ ಮುರಿಯಿತು’ ಎಂಬುದೇ ‘ನೀನು ದಡ್ಡ’ ಎಂಬುದಕ್ಕಿಂತ ಸತ್ಯಕ್ಕೆ ಹತ್ತಿರ. ತತ್ತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 1976ರಲ್ಲಿ ‘ನೈತಿಕ ಅದೃಷ್ಟ’ ಎಂಬ ಹೆಸರಿನಲ್ಲಿ ಚರ್ಚೆಗೆ ತಂದ ಪ್ರಶ್ನೆ ಇದಕ್ಕೆ ನೆರೆಯದು. ಮನುಷ್ಯನ ಹಿಡಿತದಲ್ಲಿಲ್ಲದ ಸಂಗತಿಗಳಿಗಾಗಿ ನಾವು ಅವನನ್ನು ಎಷ್ಟೊಂದು ಸಲ ಹೊಗಳುತ್ತೇವೆ, ಎಷ್ಟೊಂದು ಸಲ ತೆಗಳುತ್ತೇವೆ! ಕಿರೀಟ ಬಿದ್ದದ್ದು ಹುಡುಗನ ಹಿಡಿತದಲ್ಲಿರಲಿಲ್ಲ. ಅಳತೆ ನೋಡದಿದ್ದವನು ನಾನು. ಆದರೆ ಹೆಸರು ಅಂಟಿದ್ದು ಅವನಿಗೆ.

ನಿಜವಾದ ಉದಾಸೀನವಿದ್ದರೆ, ಕೇಡಿನ ಮನಸ್ಸಿದ್ದರೆ, ಅದನ್ನು ತಿದ್ದಬೇಕು. ಆದರೆ ತಿದ್ದುವ ಕೆಲಸವನ್ನು ನಗೆಗೆ ವಹಿಸಬಾರದು. ನಗುತ್ತ ತಿದ್ದಿಸಿಕೊಂಡ ಮಗು ತಪ್ಪನ್ನು ಮರೆಯುತ್ತದೆ, ನಗುವನ್ನು ಮರೆಯುವುದಿಲ್ಲ.

ಮೇಜಿನಿಂದ ಕಲಿತದ್ದು

ಈ ಆಟವನ್ನು ಬಹುಕಾಲದಿಂದ ಆಡುತ್ತ ಬಂದವರು ತಮ್ಮ ಅನುಭವದಿಂದ ಕೆಲವು ಒಳ್ಳೆಯ ಪದ್ಧತಿಗಳನ್ನು ರೂಢಿಸಿಕೊಂಡಿದ್ದಾರೆ. ಅವು ಮನೆಗೂ ಸಲ್ಲುವುದರಿಂದ ಹೇಳುತ್ತೇನೆ.

ಮೊದಲನೆಯದು, ಸೋಲನ್ನು ಅಳಿಸದಿರುವುದು. ನಿರ್ವಾಹಕರು ಕೆಲವೊಮ್ಮೆ ದಾಳವನ್ನು ಮರೆಯಲ್ಲಿ ಉರುಳಿಸಿ, ಮಕ್ಕಳಿಗೆ ಬೇಸರವಾಗದಿರಲೆಂದು ಸೋಲನ್ನು ಗೆಲುವೆಂದು ಹೇಳಿಬಿಡುವುದುಂಟು. ಇದು ದಯೆಯಂತೆ ಕಂಡರೂ ದಯೆಯಲ್ಲ. ಆ ಮಗು ಮುಂದೆ ನಿಜವಾಗಿ ಗೆದ್ದಾಗ ಆ ಗೆಲುವನ್ನೂ ನಂಬಲಾರದು. ಸೊಸೆ ತಮ್ಮನನ್ನು ಗೋಡೆಯಾಚೆ ದಾಟಿಸಲಿಲ್ಲ; ಕಡಾಯಿಗೇ ಇಳಿಸಿದಳು.

ಎರಡನೆಯದು, ಸೋಲಿನ ಕಥೆಯನ್ನು ಸೋತವರ ಬಾಯಿಂದಲೇ ಕೇಳುವುದು. “ಏನಾಯಿತು ಹೇಳು” ಎಂದರೆ ಕೆಲವರು ತಮ್ಮ ಪಾತ್ರವನ್ನು ತಾವೇ ಕೆಸರಿಗೆ ಉರುಳಿಸಿ ಸಂತೋಷಪಡುತ್ತಾರೆ. ಹೇಡಿ ಅಡುಗೆಭಟ್ಟನ ಪಾತ್ರ ವಹಿಸಿದವನಿಗೆ ಎಡವುವುದೇ ಹಬ್ಬ. ಅಂಥವನನ್ನು ಗಂಭೀರನಾಗಿಸುವುದೂ ತಪ್ಪು. ತನ್ನ ಮೇ‌ಲಿನ ಹಾಸ್ಯಕ್ಕೆ ತಾನೇ ಬಾಗಿಲು ತೆರೆದವನ ಮನೆಯನ್ನು ನಾವು ಹೊಕ್ಕು ನಗಬಹುದು. ಮುಚ್ಚಿದ ಬಾಗಿಲನ್ನು ಒಡೆದು ಹೊಕ್ಕು ನಗುವುದು ಬೇರೆ ಮಾತು.

ಮೂರನೆಯದು, ಸೋತವರಿಗೆ ಮುಂದಿನ ಕೆಲಸ ಇರಬೇಕು. ‘ಅಡುಗೆಯವನು ನಿನ್ನನ್ನೇ ನೋಡುತ್ತಿದ್ದಾನೆ, ಏನು ಹೇಳುತ್ತೀಯೆ?’ ಎಂಬ ಪ್ರಶ್ನೆಯಲ್ಲೇ ಆ ಹುಡುಗಿಯ ಜಾಣ್ಮೆಯಿತ್ತು. ಸೋಲು ಕಥೆಯನ್ನು ನಿಲ್ಲಿಸಲಿಲ್ಲ, ಬೇರೊಂದು ಕೋಣೆಗೆ ಒಯ್ದಿತು. 2012ರಲ್ಲಿ ಬಂದ ‘ಡಂಜನ್ ವರ್ಲ್ಡ್’ ಎಂಬ ಆಟದಲ್ಲಿ ಇದಕ್ಕೆ ನಿಯಮದ ರೂಪವೇ ಸಿಕ್ಕಿದೆ. ಅಲ್ಲಿ ಎರಡು ದಾಳಗಳ ಮೊತ್ತ ಆರು ಅಥವಾ ಅದಕ್ಕಿಂತ ಕಡಿಮೆಯಾಗಿ ಸೋತರೆ, ಪಾತ್ರದ ಅನುಭವಕ್ಕೆ ಒಂದು ಅಂಕ ಸೇರುತ್ತದೆ. ಸೋತವನು ಕಷ್ಟಕ್ಕೂ ಸಿಲುಕುತ್ತಾನೆ, ಸ್ವಲ್ಪ ಬೆಳೆಯುತ್ತಾನೆ ಕೂಡ. ನಮ್ಮ ಶಾಲೆಗಳ ಅಂಕಪಟ್ಟಿಯಲ್ಲಿ ಇದಕ್ಕೊಂದು ಕಲಂ ಇದ್ದಿದ್ದರೆ!

ನಾಲ್ಕನೆಯದು, ನಗು ಆ ಗಳಿಗೆಗೇ ಮುಗಿಯಬೇಕು. ‘ಕೆಸರಿಗೆ ಬಿದ್ದ’ ಎಂಬುದು ಒಂದು ಘಟನೆ. ‘ಕೆಸರಿನ ದೊರೆ’ ಎಂಬುದು ಒಂದು ತೀರ್ಪು. ಕ್ರಿಯಾಪದ ನಾಮಪದವಾಗುವ ಆ ಕ್ಷಣದಲ್ಲಿ ವಿನೋದ ಮುಗಿದು ಕ್ರೌರ್ಯ ಮೊದಲಾಗುತ್ತದೆ. ನಮ್ಮ ಹಳ್ಳಿಗಳಲ್ಲಿ, ಮನೆಗಳಲ್ಲಿ ಅಡ್ಡಹೆಸರುಗಳಿಗೆ ಬರವಿಲ್ಲ. ಒಂದೊಂದು ಅಡ್ಡಹೆಸರಿನ ಹಿಂದೆ ಯಾವಾಗಲೋ ಬಿದ್ದ ಒಂದು ಕಿರೀಟವಿದೆ.

ಆ ಸಂಜೆ ಪಣಕ್ಕಿದ್ದುದು ಏನೆಂದು ನಾನು ಆರಂಭದಲ್ಲಿ ಹೇಳದೆ ಉಳಿಸಿದ್ದೆ. ಒಬ್ಬ ಹನ್ನೆರಡು ವರ್ಷದ ಹುಡುಗ ಮತ್ತೊಮ್ಮೆ ದಾಳ ಹಿಡಿಯುವ ಧೈರ್ಯ ಪಣಕ್ಕಿತ್ತು. ಮೊದಲ ಅರ್ಧದಲ್ಲಿ ನಾವೆಲ್ಲ ಸೇರಿ ಅದನ್ನು ಸೋತಿದ್ದೆವು. ಅವನ ಅಕ್ಕ ಅದನ್ನು ಗೆದ್ದುಕೊಟ್ಟಳು.

ಇನ್ನೊಂದು ಮಗು ನಾಟಕಕ್ಕೆ ಸೇರಿತೋ ಇಲ್ಲವೋ ನನಗೆ ತಿಳಿಯದು. ಅಪ್ಪನಿಗೆ ಫೋನು ಮಾಡಿ ಕೇಳಬೇಕೆಂದು ಹಲವು ಸಲ ಅಂದುಕೊಂಡಿದ್ದೇನೆ. ಧೈರ್ಯ ಬಂದಿಲ್ಲ. “ಕಾಯುತ್ತೇನೆ” ಎಂದು ಕುಳಿತಿರುವವನು ಈಗ ನಾನೇ. ಈ ಲೇಖನವನ್ನು ಅಂಚೆಗೆ ಹಾಕುವ ಮೊದಲು ಆ ಕರೆಯನ್ನು ಮಾಡಬೇಕೆಂದು ನಿಶ್ಚಯಿಸಿದ್ದೇನೆ.

ನಿಮ್ಮ ಧರ್ಮಕೇಂದ್ರದ ಉತ್ಸವದಲ್ಲಿ ಈ ವರ್ಷವೂ ಮಕ್ಕಳು ರಂಗದ ಮೇಲೆ ಬರುತ್ತಾರೆ. ಯಾರದೋ ಮಾತು ಮರೆಯುತ್ತದೆ, ಯಾರದೋ ಮೀಸೆ ಕಳಚುತ್ತದೆ, ಯಾರದೋ ಕಿರೀಟ ಜಾರುತ್ತದೆ. ನೀವು ನಗುತ್ತೀರಿ, ನಗಬೇಕು. ಧ್ವನಿವರ್ಧಕ ಹಿಡಿದವರು ಮಾತ್ರ ಒಂದು ಕ್ಷಣ ಬಾಯಿ ಮುಚ್ಚಿಕೊಂಡು, ಆ ಮಗು ಮುಂದೆ ಏನು ಹೇಳುತ್ತದೆಂದು ಕೇಳಿಸಿಕೊಳ್ಳಲಿ. ಅದಕ್ಕೆ ಹೇಳಲು ಇನ್ನೂ ಮಾತಿದೆ.